ಮನೆ ಕೋಳಿಗೆ ಹುಷಾರಿಲ್ಲದಾಗ ಮನೇಲೇ ಏನೇನು ಮಾಡಬಹುದು: ಮೊದಲ ಗಂಟೆಯಿಂದ ಗುಂಪಿಗೆ ವಾಪಸ್ ಬಿಡೋವರೆಗೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೀತಿದ್ದಂಗೆ ಎಲ್ಲಾ ಕೋಳಿನೂ ಒಂದರ ಮೇಲೊಂದು ಬಿದ್ದು ಆಚೆ ಓಡ್ತವೆ, ಒಂದು ಮಾತ್ರ ಮೂಲೇಲಿ ಗರಿ ಉಬ್ಬಿಸ್ಕೊಂಡು ಕತ್ತು ಒಳಗೆಳ್ಕೊಂಡು ಕಣ್ಣು ಅರ್ಧ ಮುಚ್ಚಿ ನಿಂತಿರತ್ತೆ. ನೋಡಿದ ತಕ್ಷಣ ಹೊಟ್ಟೆ ಚುರ್ ಅನ್ನತ್ತೆ. ಅಷ್ಟರಲ್ಲಿ ಅಕ್ಕಪಕ್ಕದೋರು ಒಬ್ಬೊಬ್ಬರು ಒಂದೊಂದು ಹೇಳೋಕೆ ಶುರು ಮಾಡ್ತಾರೆ, ಬೆಳ್ಳುಳ್ಳಿ ತಿನ್ಸಿ, ಅರಿಶಿನ ಕುಡಿಸಿ, ಒಂದು ಮುಚ್ಚಳ ಬ್ರಾಂದಿ ಹಾಕಿ, ಇಲ್ಲಾಂದ್ರೆ ಸಾಯೋಕ್ಮುಂಚೆ ಸಾರು ಮಾಡ್ಬಿಡಿ ಅಂತ.

ನಮ್ಮದು ಚನ್ನರಾಯಪಟ್ಟಣದ ಕಡೆ ಹಳ್ಳಿ, ತೆಂಗಿನ ತೋಟದ ಮಧ್ಯ ಮನೆ, ನಾಟಿ ಕೋಳಿ ಜೊತೆಗೆ ಒಂದೆರಡು ಗಿರಿರಾಜನೂ ಇವೆ. ಅವ್ವನ ಕಾಲದಿಂದ ಮಾಡ್ಕೊಂಡು ಬಂದಿದ್ದು, ಪಶು ಡಾಕ್ಟ್ರು ಹೇಳಿಕೊಟ್ಟಿದ್ದು, ಕೋಳಿ ಕಳ್ಕೊಂಡು ಕಲ್ತಿದ್ದು ಎಲ್ಲಾ ಸೇರ್ಸಿ ಬರೀತಿದ್ದೀನಿ. ಒಂದು ಮಾತು ಮೊದಲೇ ಹೇಳ್ತೀನಿ, ಮನೆಮದ್ದಲ್ಲಿ ಕೋಳಿನ ಉಳಿಸೋದು ಮುಕ್ಕಾಲು ಪಾಲು ಸೊಪ್ಪು ಬೇರು ಅಲ್ಲ, ಬೆಚ್ಚಗೆ ಇಡೋದು, ನೀರು ಒಳಗೆ ಹೋಗೋ ಹಾಗೆ ನೋಡ್ಕೊಳ್ಳೋದು, ಬೇರೆ ಕೋಳಿ ಕುಕ್ಕದ ಹಾಗೆ ನೆಮ್ಮದಿಯಾಗಿ ಬಿಡೋದು. ಇದು ಮೂರೂ ಮಾಡದೆ ಕಷಾಯ ಕುಡಿಸಿದ್ರೆ ಕಷಾಯ ಕುಡಿದೇ ಸಾಯತ್ತೆ. ಇನ್ನೊಂದು, ಯಾವ ರೋಗಕ್ಕೆ ಮನೆಮದ್ದು ನಡೆಯಲ್ಲ ಅಂತ ಗೊತ್ತಿರಬೇಕು, ಯಾಕಂದ್ರೆ ಅಲ್ಲಿ ಕಳ್ಕೊಳ್ಳೋದು ಒಂದು ಕೋಳಿ ಅಲ್ಲ, ಗೂಡಿಗೆ ಗೂಡೇ ಖಾಲಿ ಆಗತ್ತೆ.

ಮೊದಲ ಒಂದು ಗಂಟೆ

ಏನು ರೋಗ ಅಂತ ಯೋಚನೆ ಮಾಡೋಕ್ಮುಂಚೆ ಆ ಕೋಳಿನ ಬೇರೆ ಮಾಡಿ. ಕೋಳಿ ತನಗೆ ಹುಷಾರಿಲ್ಲ ಅಂತ ತೋರಿಸ್ಕೊಳ್ಳಲ್ಲ, ತೋರಿಸ್ಕೊಂಡ್ರೆ ಗುಂಪಿನವೇ ಕುಕ್ಕಿ ಕುಕ್ಕಿ ಓಡಿಸ್ತವೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಅದು ಒಂದೆರಡು ದಿನದಿಂದ ನರಳ್ತಿರೋ ಸಾಧ್ಯತೆ ಜಾಸ್ತಿ. ನಾಳೆ ನೋಡೋಣ ಅನ್ನಬೇಡಿ.

ಒಂದು ದೊಡ್ಡ ರಟ್ಟಿನ ಡಬ್ಬನೋ, ಟೊಮೇಟೊ ಕ್ರೇಟೋ, ಮಂಕರಿನೋ ತಗೊಳ್ಳಿ. ತಳಕ್ಕೆ ಹಳೇ ನ್ಯೂಸ್ ಪೇಪರ್, ಮೇಲೆ ಹಳೇ ಹತ್ತಿ ಬಟ್ಟೆ. ಭತ್ತದ ಹೊಟ್ಟು ಹಾಕಬೇಡಿ, ಹಿಕ್ಕೆ ಬಣ್ಣ ಕಾಣಲ್ಲ, ಈಗ ನಮಗೆ ಹಿಕ್ಕೆ ನೋಡೋದೇ ಮುಖ್ಯ. ಡಬ್ಬನ ಬೇರೆ ಕೋಳಿಗಳು ಓಡಾಡದ, ಗಾಳಿ ನೇರವಾಗಿ ಬೀಸದ, ಸ್ವಲ್ಪ ಮಬ್ಬಾಗಿರೋ ಜಾಗದಲ್ಲಿ ಇಡಿ. ಅಡುಗೆಮನೇಲಿ ಮಾತ್ರ ಬೇಡ.

ಆಮೇಲೆ ಶಾಖ. ಕೋಳಿ ಮೈ ಶಾಖ ಮಾಮೂಲಾಗೇ 41 ಡಿಗ್ರಿ ಸೆಲ್ಸಿಯಸ್ ಮೇಲಿರತ್ತೆ, ಆದ್ದರಿಂದ ಮುಟ್ಟಿ ನೋಡಿ ಜ್ವರ ಇದೆ ಅಂತ ಹೇಳೋಕಾಗಲ್ಲ, ಆರೋಗ್ಯವಾಗಿರೋ ಕೋಳಿನೂ ನಮ್ಮ ಕೈಗೆ ಬಿಸಿನೇ. ಹುಷಾರಿಲ್ಲದೆ ತಿನ್ನೋದು ನಿಲ್ಲಿಸಿದಾಗ ಆ ಶಾಖ ಕಾಪಾಡ್ಕೊಳ್ಳೋಕೇ ಅದರ ಶಕ್ತಿಯೆಲ್ಲಾ ಖರ್ಚಾಗತ್ತೆ. ಡಬ್ಬದ ಒಂದು ಕಡೆ ಮಾತ್ರ 60 ವ್ಯಾಟ್‌ನ ಹಳೇ ಹಳದಿ ಬಲ್ಬ್ ನೇತು ಹಾಕಿ, ಬಟ್ಟೆಗೂ ಪೇಪರ್‌ಗೂ ತಾಗದ ಹಾಗೆ. ಎಲ್‌ಇಡಿ ಬಲ್ಬ್ ಹಾಕಿ ಬೆಳಕಿದೆ ಅಂತ ಸಮಾಧಾನ ಮಾಡ್ಕೊಳ್ಳೋರಿದ್ದಾರೆ, ಅದು ಸಾಕಾಗೋ ಅಷ್ಟು ಶಾಖ ಕೊಡಲ್ಲ. ಕರೆಂಟ್ ಇಲ್ಲ ಅಂದ್ರೆ ಬಾಟ್ಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಎರಡು ಗಂಟೆಗೊಂದು ಸಲ ಬದಲಾಯಿಸಿ. ಕೋಳಿ ಬಾಯಿ ತೆಗೆದು ಏದುಸಿರು ಬಿಟ್ರೆ ಶಾಖ ಜಾಸ್ತಿ ಆಯ್ತು ಅಂತ, ದೂರ ಮಾಡಿ. ಬೇಸಿಗೆಯಲ್ಲಿ ಹಗಲು ಹೊತ್ತು ಈ ಬಲ್ಬ್ ಬೇಡವೇ ಬೇಡ.

ಮೂರನೇದು ನೀರು. ಆರೋಗ್ಯವಾಗಿರೋ ದೊಡ್ಡ ಕೋಳಿ ದಿನಕ್ಕೆ ಹತ್ತಿರ ಹತ್ತಿರ ಕಾಲು ಲೀಟರ್ ನೀರು ಕುಡಿಯತ್ತೆ, ಬಿಸಿಲು ಕಾಲದಲ್ಲಿ ಇನ್ನೂ ಜಾಸ್ತಿ. ಭೇದಿ ಆಗ್ತಿದ್ರೆ ಒಳಗಿರೋ ನೀರೂ ಹೋಗ್ತಿರತ್ತೆ. ಕಾಯ್ಸಿ ಆರ್ಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಕ್ಕಳಿಗೆ ಭೇದಿ ಆದಾಗ ಮಾಡೋ ಅದೇ ನೀರು. ಸಕ್ಕರೆ ಬದಲು ಬೆಲ್ಲನೂ ಹಾಕಬಹುದು. ಉಪ್ಪು ಮಾತ್ರ ಒಂದು ಕಾಳೂ ಜಾಸ್ತಿ ಬೇಡ, ಕೋಳಿಗೆ ಉಪ್ಪು ತಡ್ಯಲ್ಲ. ಈ ನೀರನ್ನ ದಿನಾ ಹೊಸದಾಗಿ ಮಾಡಿ, ಎರಡು ದಿನ ಕೊಟ್ಟು ಆಮೇಲೆ ಮಾಮೂಲಿ ನೀರಿಗೆ ಬನ್ನಿ.

ಕುಡಿಸೋ ರೀತಿ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ಕೋಳಿ ರೋಗಕ್ಕಲ್ಲ, ಕುಡಿಸೋಕೆ ಹೋಗಿ ಸಾಯೋದು ನಾನೇ ನೋಡಿದ್ದೀನಿ. ಕೋಳಿ ಬಾಯಿ ತೆಗೆದು ನೋಡಿ, ನಾಲಿಗೆ ಬುಡದಲ್ಲಿ ಒಂದು ಸಣ್ಣ ತೂತು ಮುಚ್ಚಿ ತೆಗೆದು ಮಾಡ್ತಿರತ್ತೆ, ಅದು ಉಸಿರಿನ ಕೊಳವೆ. ತಲೆ ಮೇಲೆತ್ತಿ ಚಮಚದಲ್ಲಿ ಸುರಿದ್ರೆ ನೀರು ನೇರ ಅಲ್ಲಿಗೆ ಹೋಗಿ ಶ್ವಾಸಕೋಶ ಸೇರತ್ತೆ. ಕೋಳಿನ ತೊಡೆ ಮೇಲೆ ಕೂರಿಸ್ಕೊಂಡು, ರೆಕ್ಕೆ ಒಂದು ಟವೆಲ್‌ನಲ್ಲಿ ಸುತ್ತಿ, ತಲೆ ಅದರ ಪಾಡಿಗೆ ನೇರವಾಗಿರೋ ಹಾಗೆ ಬಿಟ್ಟು, ಸೂಜಿ ತೆಗೆದ ಸಿರಿಂಜ್‌ನಿಂದ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಬಿಡಿ. ಅದು ಚಪ್ಪರಿಸಿ ನುಂಗತ್ತೆ. ನುಂಗಿದ ಮೇಲೆ ಇನ್ನೊಂದು ಹನಿ. ಒಂದು ಸಲಕ್ಕೆ 5 ಎಂಎಲ್ ಸಾಕು, ಎರಡು ಗಂಟೆ ಬಿಟ್ಟು ಮತ್ತೆ. ತಾನಾಗೇ ಕುಡಿಯೋ ಕೋಳಿಗೆ ಬಲವಂತ ಮಾಡೋದೇ ಬೇಡ, ಕೊಕ್ಕಿನ ತುದಿ ನೀರಿಗೆ ತಾಗ್ಸಿ ಬಿಡಿ.

ಊಟ ಆಮೇಲೆ ನೋಡೋಣ. ನೀರು ಕುಡಿದು ಸ್ವಲ್ಪ ಚೇತರಿಸ್ಕೊಂಡ ಮೇಲೆ ಮೆತ್ತಗೆ ಬೇಯಿಸಿದ ನುಚ್ಚಕ್ಕಿ ಗಂಜಿ, ತೆಳ್ಳಗಿನ ರಾಗಿ ಅಂಬಲಿ, ಬೇಯಿಸಿದ ಮೊಟ್ಟೆ ಪುಡಿ ಮಾಡಿ ಸ್ವಲ್ಪ. ಒಂದು ಚಮಚ ಮೊಸರು ಕೊಡಬಹುದು, ಹಾಲು ಮಾತ್ರ ಬೇಡ, ಅದು ಜೀರ್ಣ ಆಗದೆ ಭೇದಿ ಜಾಸ್ತಿ ಮಾಡತ್ತೆ.

ಕೈಲಿ ಹಿಡಿದು ತಲೆಯಿಂದ ಕಾಲಿನ ತನಕ

ಈಗ ನಿಧಾನವಾಗಿ ನೋಡಿ. ಜುಟ್ಟು ಕೆಂಪಗಿದ್ಯಾ, ಬಿಳಿಚ್ಕೊಂಡಿದ್ಯಾ, ನೀಲಿ ತಿರುಗಿದ್ಯಾ. ಬಿಳಿಚ್ಕೊಂಡಿದ್ರೆ ರಕ್ತ ಕಮ್ಮಿ, ಹೇನು ಉಣ್ಣೆನೋ ಜಂತುಹುಳನೋ ಇರಬಹುದು. ನೀಲಿ ಅಂದ್ರೆ ಉಸಿರಿಗೆ ತೊಂದರೆ. ಕಣ್ಣಲ್ಲಿ ನೊರೆ, ಮೂಗಲ್ಲಿ ಸಿಂಬಳ, ಮುಖ ಊದಿರೋದು, ಬಾಯೊಳಗೆ ಹಳದಿ ಪೊರೆ ಇದೆಯಾ ನೋಡಿ. ಕಿವಿ ಹತ್ತಿರ ಇಟ್ಕೊಂಡು ಉಸಿರು ಕೇಳಿ, ಗೊರ ಗೊರ ಅಂತಿದ್ಯಾ ಅಂತ.

ಎದೆ ಮೇಲೆ ಬಲಗಡೆ ಕಾಳು ತುಂಬ್ಕೊಳ್ಳೋ ಚೀಲ ಇರತ್ತಲ್ಲ, ಅದನ್ನ ಬೆಳಿಗ್ಗೆ ತೀನಿ ಹಾಕೋಕ್ಮುಂಚೆ ಮುಟ್ಟಿ ನೋಡಿ, ಆ ಹೊತ್ತಿಗೆ ಖಾಲಿ ಇರಬೇಕು. ಎದೆಮೂಳೆ ಕತ್ತಿ ಅಂಚಿನ ಹಾಗೆ ಕೈಗೆ ಸಿಕ್ಕಿದ್ರೆ ಕೋಳಿ ಒಂದೆರಡು ದಿನದಿಂದಲ್ಲ, ವಾರಗಳಿಂದ ಸೊರಗಿದೆ ಅಂತ. ಹೊಟ್ಟೆ ಕೆಳಭಾಗ ಗಟ್ಟಿಯಾಗಿದ್ಯಾ, ರೆಕ್ಕೆ ಕೆಳಗೆ ಮತ್ತೆ ಹಿಂಭಾಗದ ಗರಿ ಬುಡದಲ್ಲಿ ಹೇನು ಇದೆಯಾ, ಅಂಗಾಲಲ್ಲಿ ಕರೀ ಮಚ್ಚೆ ಇದೆಯಾ, ಎಲ್ಲಾ ನೋಡಿ. ತರಕಾರಿ ತೂಗೋ ತಕ್ಕಡೀಲಿ ತೂಕ ಮಾಡಿ ಬರೆದಿಡಿ, ನಾಳೆ ಅದೇ ಹೊತ್ತಿಗೆ ಇನ್ನೊಂದು ಸಲ, ಮದ್ದು ಹಿಡೀತಿದ್ಯಾ ಇಲ್ವಾ ಅಂತ ತಕ್ಕಡಿ ಸುಳ್ಳು ಹೇಳಲ್ಲ.

ಹಿಕ್ಕೆ ವಿಷಯ. ಕಂದು ಅಥವಾ ಬೂದು ಬಣ್ಣ, ಮೇಲೆ ಬಿಳಿ ಟೋಪಿ, ಇದು ಸರಿಯಾಗಿರೋದು. ಹತ್ತಕ್ಕೊಂದು ಸಲ ಸಾಸಿವೆ ಬಣ್ಣದ ಅಂಟಂಟು ನಾತದ ಹಿಕ್ಕೆ ಹಾಕತ್ತೆ, ಅದೂ ಸರಿಯೇ, ಎಷ್ಟೋ ಜನ ಅದನ್ನ ನೋಡಿ ಭೇದಿ ಅಂದ್ಕೊಂಡು ಮದ್ದು ಶುರು ಮಾಡ್ತಾರೆ. ಹಸಿರು ನೀರು ಅಂದ್ರೆ ಒಂದೋ ಏನೂ ತಿಂದಿಲ್ಲ, ಇಲ್ಲಾ ದೊಡ್ಡ ರೋಗ. ಕೆಂಪು ಅಥವಾ ಚಾಕೊಲೇಟ್ ಬಣ್ಣದ ಲೋಳೆ ಅಂದ್ರೆ ಕರುಳಲ್ಲಿ ರಕ್ತ. ಸೇಮಿಗೆ ಥರ ಬಿಳಿ ಹುಳ ಕಂಡ್ರೆ ಅದು ಬೇರೆ ಹೇಳೋದೇ ಬೇಡ, ಜಂತು.

ಇದರ ಜೊತೆ, ರೋಗ ಅಲ್ಲದೇ ಇರೋದೂ ಕೆಲವು ಇವೆ. ಕಾವಿಗೆ ಕೂತ ಕೋಳಿ ಗರಿ ಉಬ್ಬಿಸ್ಕೊಂಡು, ತಿನ್ನದೆ, ಮುಟ್ಟಿದ್ರೆ ಗುರ್ ಅಂತ, ದಿನಕ್ಕೆ ಒಂದೇ ಸಲ ದೊಡ್ಡ ಮುದ್ದೆ ಹಿಕ್ಕೆ ಹಾಕತ್ತೆ. ವರ್ಷಕ್ಕೊಂದು ಸಲ ಗರಿ ಉದುರ್ಸೋ ಕೋಳಿ ಮಂಕಾಗಿ ಮೊಟ್ಟೆ ನಿಲ್ಲಿಸತ್ತೆ. ಇವಕ್ಕೆ ಮದ್ದು ಬೇಡ, ಒಳ್ಳೆ ಮೇವು ಬೇಕು. ಏಪ್ರಿಲ್ ಮೇ ಬಿಸಿಲಲ್ಲಿ ರೆಕ್ಕೆ ಅಗಲಿಸ್ಕೊಂಡು ಬಾಯಿ ತೆಗೆದು ಉಸಿರಾಡೋ ಕೋಳಿಗೂ ಬೇಕಾಗಿರೋದು ನೆರಳು, ತಣ್ಣಗಿನ ನೀರು, ಒದ್ದೆ ಗೋಣಿಚೀಲ ಕಟ್ಟಿದ ಗೂಡು. ತೀರಾ ಒದ್ದಾಡ್ತಿದ್ರೆ ಕಾಲು ಮಾತ್ರ ನೀರಲ್ಲಿ ನಿಲ್ಲಿಸಿ, ಐಸ್ ನೀರು ಮೈಮೇಲೆ ಹುಯ್ಯಬೇಡಿ.

ಮನೆಮದ್ದು ನಿಲ್ಲೋ ಜಾಗ: ಕೊಕ್ಕರೆ ರೋಗ

ಇದನ್ನ ಭೇದಿ ನೆಗಡಿಗಿಂತ ಮುಂಚೆ ಹೇಳ್ತಿದ್ದೀನಿ, ಕಾರಣ ಇದೆ. ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮನೇಲಿ ಒಂದು ಹುಂಜ ತೂಕಡಿಸ್ತಾ ನಿಲ್ತು. ಅವ್ವ ಬೆಳ್ಳುಳ್ಳಿ ಮೆಣಸು ಅರೆದು ಕೊಟ್ರು, ನಾನು ಅದನ್ನ ಬೇರೆ ಮಾಡ್ಲಿಲ್ಲ, ಸಂಜೆ ಗುಂಪಿನ ಜೊತೇಲೇ ಗೂಡಿಗೆ ಸೇರಿಸ್ದೆ. ಮೂರನೇ ದಿನಕ್ಕೆ ಇನ್ನೆರಡು, ವಾರ ತುಂಬೋ ಹೊತ್ತಿಗೆ 11 ಕೋಳಿ ಹೋಗಿದ್ವು. ಉಳಿದ ಒಂದು ಹ್ಯಾಟೆ ಕತ್ತು ಹಿಂದಕ್ಕೆ ತಿರುಚ್ಕೊಂಡು ಸುತ್ತ ಸುತ್ತ ತಿರುಗ್ತಿತ್ತು, ಅದು ನೋಡೋಕಾಗ್ತಿರ್ಲಿಲ್ಲ.

ಅದು ಕೊಕ್ಕರೆ ರೋಗ. ಇಂಗ್ಲಿಷಲ್ಲಿ ನ್ಯೂಕ್ಯಾಸಲ್ ಡಿಸೀಸ್ ಅಂತಾರೆ, ನಮ್ಮ ದೇಶದಲ್ಲಿ ರಾಣಿಖೇತ್ ಅಂತ ಹೆಸರು ಬಂದಿದ್ದು ಈಗಿನ ಉತ್ತರಾಖಂಡದಲ್ಲಿರೋ ರಾಣಿಖೇತ್ ಊರಿಂದ, 1920ರ ದಶಕದಲ್ಲಿ ಅಲ್ಲಿ ಇದನ್ನ ಗುರುತಿಸಿದ್ರು. ಇದು ವೈರಸ್. ಗುರುತು ಏನಂದ್ರೆ ಹಸಿರು ಬಿಳಿ ಮಿಶ್ರ ನೀರು ಭೇದಿ, ಬಾಯಿ ತೆಗೆದು ಕತ್ತು ಉದ್ದ ಮಾಡಿ ಉಸಿರಾಡೋದು, ರೆಕ್ಕೆ ಕಾಲು ಸ್ವಾಧೀನ ತಪ್ಪೋದು, ಕತ್ತು ತಿರುಚೋದು, ಮೊಟ್ಟೆ ದಿಢೀರ್ ನಿಲ್ಲೋದು, ಒಂದಾದ ಮೇಲೊಂದು ಸಾಯೋದು. ಎಲ್ಲಾ ಗುರುತೂ ಒಟ್ಟಿಗೆ ಕಾಣ್ಬೇಕು ಅಂತೇನಿಲ್ಲ. ಇದಕ್ಕೆ ಔಷಧಿ ಡಾಕ್ಟ್ರ ಹತ್ರಾನೂ ಇಲ್ಲ, ಲಸಿಕೆ ಮಾತ್ರ ಇರೋದು.

ಹಾಗಾಗಿ ಲಸಿಕೆನೇ ನಿಜವಾದ ಮನೆಮದ್ದು ಅಂದ್ಕೊಳ್ಳಿ. ಮರಿಗೆ ಮೊದಲ ವಾರದಲ್ಲಿ ಎಫ್-1 ಅಥವಾ ಲಸೋಟ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರದ ಹೊತ್ತಿಗೆ ಲಸೋಟ ಇನ್ನೊಂದು ಸಲ. ಎಂಟನೇ ವಾರದಲ್ಲಿ ಆರ್‌2ಬಿ, ಚರ್ಮದ ಕೆಳಗೆ ಇಂಜೆಕ್ಷನ್. ಆಮೇಲೆ ಎಷ್ಟು ತಿಂಗಳಿಗೊಂದು ಸಲ ಅಂತ ನಿಮ್ಮ ಪಶು ಆಸ್ಪತ್ರೆಲಿ ಕೇಳಿ ಬರೆಸ್ಕೊಳ್ಳಿ. ಸಣ್ಣ ಸಾಕಣೆದಾರರಿಗೆ ಕಷ್ಟ ಏನಂದ್ರೆ ಬಾಟ್ಲಿ ನೂರಾರು ಕೋಳಿ ಲೆಕ್ಕದಲ್ಲಿ ಬರತ್ತೆ, ಕಲೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸ್ಬೇಕು, ಉಳಿದಿದ್ದು ನಾಳೆಗೆ ಬರಲ್ಲ. ನಾವು ಬೀದಿಯ ಏಳೆಂಟು ಮನೆಯೋರು ಸೇರ್ಕೊಂಡು ಒಂದು ಬಾಟ್ಲಿ ತರ್ತೀವಿ, ಥರ್ಮಾಸ್ ಫ್ಲಾಸ್ಕ್‌ನಲ್ಲಿ ಐಸ್ ಹಾಕ್ಕೊಂಡು, ಬೆಳಿಗ್ಗೆ ಬಿಸಿಲೇರೋಕ್ಮುಂಚೆ ಎಲ್ಲರ ಕೋಳಿಗೂ ಹಾಕಿ ಮುಗಿಸ್ತೀವಿ. ಅದು ಶುರು ಮಾಡಿದ ಮೇಲೆ ಆ ಥರ ಗೂಡು ಖಾಲಿ ಆಗಿದ್ದಿಲ್ಲ. ಆಗಲೇ ಹುಷಾರಿಲ್ಲದ ಕೋಳಿಗೆ ಮಾತ್ರ ಲಸಿಕೆ ಹಾಕಬೇಡಿ.

ಇನ್ನೊಂದು ಹಕ್ಕಿ ಜ್ವರ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದಲ್ಲೇ ಮೊದಲ ಸಲ ಕಂಡಿದ್ದು, ನಮ್ಮಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಬಳ್ಳಾರಿ ಕಡೆ ಬಂದಿತ್ತು. ಇದು ಮನುಷ್ಯರಿಗೂ ಬರಬಹುದು. ಒಂದೆರಡು ದಿನದಲ್ಲಿ ಮೂರು ನಾಲ್ಕು ಕೋಳಿ ಸತ್ರೆ, ಜುಟ್ಟು ಮುಖ ಊದಿ ನೀಲಿ ಆದ್ರೆ, ಕಾಲಲ್ಲಿ ರಕ್ತದ ಕಲೆ ಕಂಡ್ರೆ, ಅಕ್ಕಪಕ್ಕ ಕಾಗೆ ಕೊಕ್ಕರೆ ಸತ್ತು ಬಿದ್ದಿದ್ರೆ ಮನೆಮದ್ದು ಅಲ್ಲಿಗೆ ಬಿಡಿ, 1962ಕ್ಕೆ ಫೋನ್ ಮಾಡಿ, ಅದು ಪಶು ಸಂಜೀವಿನಿ ನಂಬರ್, ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿನ ಬರಿಗೈಲಿ ಮುಟ್ಟಬೇಡಿ, ಮಾರಬೇಡಿ, ಸಾರು ಮಾಡಬೇಡಿ, ಕೆರೆಗೆ ಎಸೀಬೇಡಿ. ಪರೀಕ್ಷೆಗೆ ಬೇಕಾ ಅಂತ ಅವರು ಹೇಳಿದ ಮೇಲೆ ಆಳವಾಗಿ ಗುಂಡಿ ತೆಗೆದು ಮೇಲೆ ಸುಣ್ಣ ಹಾಕಿ ಹೂಳಿ, ನಾಯಿ ಕೆದಕದ ಹಾಗೆ.

ಭೇದಿ

ಮಾಮೂಲಿ ಭೇದಿಗೆ ಮೊದಲು ಮೇವು ಬದಲಾಯಿಸಿ. ಬೂಸ್ಟು ಹಿಡಿದ ಜೋಳ, ಹಳಸಿದ ಅನ್ನ, ಕೊಳಕು ನೀರು, ಇವೇ ಅರ್ಧ ಕಾರಣ. ಒಂದು ದಿನ ನುಚ್ಚಕ್ಕಿ ಗಂಜಿ, ಮಜ್ಜಿಗೆ ತಿಳಿ, ಸಕ್ಕರೆ ಉಪ್ಪಿನ ನೀರು ಅಷ್ಟೇ. ನಮ್ಮನೆ ಉಂಡೆ ಹೀಗೆ: ಒಂದು ಕೋಳಿಗೆ ಅರ್ಧ ಎಸಳು ಬೆಳ್ಳುಳ್ಳಿ, ಎರಡು ಕಾಳುಮೆಣಸು, ಚಿಟಿಕೆ ಜೀರಿಗೆ, ಚಿಟಿಕೆ ಅರಿಶಿನ, ಒಂದು ಹಿಡಿ ನೆಲನೆಲ್ಲಿ ಸೊಪ್ಪಲ್ಲಿ ನಾಲ್ಕನೇ ಒಂದು ಭಾಗ, ಸ್ವಲ್ಪ ಬೆಲ್ಲ. ಅರೆದು ಕಡಲೆಕಾಳು ಗಾತ್ರದ ಉಂಡೆ ಮಾಡಿ ಬೆಳಿಗ್ಗೆ ಎರಡು ಸಂಜೆ ಎರಡು, ಮೂರು ದಿನ. ಇದು ಹಸಿವು ಕೆರಳಿಸತ್ತೆ, ಹೊಟ್ಟೆ ಸರಿ ಮಾಡತ್ತೆ, ಆದ್ರೆ ವೈರಸ್‌ನ ಕೊಲ್ಲತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಮೂರು ವಾರದಿಂದ ಎರಡು ತಿಂಗಳೊಳಗಿನ ಮರಿಗಳಲ್ಲಿ ರಕ್ತ ಕಂಡ್ರೆ ಅದು ಬಹುಪಾಲು ರಕ್ತಭೇದಿ, ಕಾಕ್ಸಿಡಿಯೋಸಿಸ್. ಮಳೆಗಾಲದಲ್ಲಿ ಗೂಡಿನ ತಳ ಒದ್ದೆ ಆದಾಗ ಬರೋದು. ಮರಿ ರೆಕ್ಕೆ ಜೋಲಿಸ್ಕೊಂಡು ಗುಂಪಾಗಿ ಒಂದರೊಳಗೊಂದು ತೂರ್ಕೊಂಡು ನಿಲ್ತವೆ. ಇದಕ್ಕೆ ಕಷಾಯ ಮಾಡ್ತಾ ಕೂರೋಷ್ಟು ಟೈಮ್ ಇಲ್ಲ. ವೆಟರ್ನರಿ ಮೆಡಿಕಲ್‌ನಲ್ಲಿ ಆಂಪ್ರೋಲಿಯಂ ಪುಡಿ ಸಿಗತ್ತೆ, ಪ್ಯಾಕೆಟ್ ಮೇಲೆ ಬರೆದಿರೋ ಅಳತೆಲಿ ನೀರಿಗೆ ಹಾಕಿ, ಆ ದಿನಗಳಲ್ಲಿ ಬೇರೆ ನೀರು ಇಡಬೇಡಿ. ಮನೆ ಕಡೆಯಿಂದ ಮಾಡ್ಬೇಕಾಗಿರೋದು ಹಳೇ ಹೊಟ್ಟೆಲ್ಲಾ ತೆಗೆದು ಒಣ ಹೊಟ್ಟು ಹಾಕೋದು, ನೀರಿನ ತಟ್ಟೆ ಸುತ್ತ ಒದ್ದೆ ಆಗದ ಹಾಗೆ ಇಟ್ಟಿಗೆ ಮೇಲೆ ಇಡೋದು, ಅಷ್ಟೇ ಮುಖ್ಯ ಅದೂ.

ನೆಗಡಿ ಮತ್ತೆ ಸಿಡುಬು

ಬರೀ ಸೀನು, ಸ್ವಲ್ಪ ಮೂಗು ಸೋರೋದು, ಮೇವು ತಿಂತಿದೆ ಅಂದ್ರೆ ತುಳಸಿ ಹತ್ತು ಎಲೆ, ದೊಡ್ಡಪತ್ರೆ ಒಂದು ಎಲೆ, ಚೂರು ಶುಂಠಿ ಕುದಿಸಿ ಆರ್ಸಿ ಕುಡಿಯೋ ನೀರಿಗೆ ಬೆರೆಸಿ. ಕಣ್ಣು ಮೂಗನ್ನ ಉಗುರು ಬೆಚ್ಚಗಿನ ಉಪ್ಪು ನೀರಲ್ಲಿ ಹತ್ತಿ ಅದ್ದಿ ದಿನಕ್ಕೆ ಎರಡು ಸಲ ಒರೆಸಿ, ಅರ್ಧ ಲೀಟರ್‌ಗೆ ಒಂದು ಟೀ ಚಮಚ ಉಪ್ಪು. ಗೂಡಲ್ಲಿ ಮೂಗಿಗೆ ಹೊಡೆಯೋ ಅಮೋನಿಯಾ ವಾಸನೆ ಇದ್ರೆ ಅದೇ ಕಾರಣ ಇರಬಹುದು, ಗಾಳಿ ಆಡೋ ಹಾಗೆ ಮಾಡಿ. ಮುಖ ಒಂದು ಕಡೆ ಊದಿ, ಕೆಟ್ಟ ನಾತ ಬಂದು, ಕಣ್ಣು ಅಂಟ್ಕೊಂಡ್ರೆ ಅದು ಬ್ಯಾಕ್ಟೀರಿಯಾ, ಡಾಕ್ಟ್ರು ಬರೆದುಕೊಟ್ಟ ಆಂಟಿಬಯೋಟಿಕ್ ಬೇಕು. ಮನೇಲಿ ಉಳಿದಿರೋ ಮನುಷ್ಯರ ಮಾತ್ರೆ ಪುಡಿ ಮಾಡಿ ಕೊಡೋದು ಬೇಡ.

ಸಿಡುಬು ಗುರುತಿಸೋದು ಸುಲಭ, ಜುಟ್ಟು, ಕಣ್ಣು, ಕೊಕ್ಕಿನ ಸುತ್ತ ಗಂಟು ಗಂಟು ಕರೀ ಹೊಪ್ಪಳೆ. ಸೊಳ್ಳೆ ಹರಡತ್ತೆ. ಎರಡರಿಂದ ನಾಲ್ಕು ವಾರದಲ್ಲಿ ತಾನಾಗೇ ಉದುರತ್ತೆ, ನಮ್ಮ ಕೆಲಸ ಅಲ್ಲೀ ತನಕ ಉಳಿಸೋದು. ಅರಿಶಿನ, ಬೇವಿನೆಲೆ ನುಣ್ಣಗೆ ಅರೆದು ಕೊಬ್ಬರಿ ಎಣ್ಣೇಲಿ ಕಲೆಸಿ ಕಣ್ಣಿಗೆ ಬೀಳದ ಹಾಗೆ ಹಚ್ಚಿ. ಹೊಪ್ಪಳೆ ಕೀಳಬೇಡಿ, ಕಿತ್ರೆ ರಕ್ತ ಬಂದು ಇನ್ನೂ ಹರಡತ್ತೆ. ಎರಡೂ ಕಣ್ಣು ಮುಚ್ಚೋದ್ರೆ ಕೋಳಿಗೆ ಮೇವು ಕಾಣಲ್ಲ, ಸಿಡುಬಿಗಿಂತ ಹಸಿವಿಗೇ ಸಾಯೋದು ಜಾಸ್ತಿ, ಕೈಲಿ ಹಿಡಿದು ಅನ್ನದ ಉಂಡೆ ತಿನ್ನಿಸಬೇಕು. ನಮ್ಮ ಅವ್ವ ಒಂದು ಕೋಳಿಗೆ ಹೀಗೆ 12 ದಿನ ತಿನ್ಸಿದ್ರು, ಅದು ಬದುಕಿ ಆಮೇಲೆ ಎರಡು ಸಲ ಮರಿ ಮಾಡ್ತು. ಬಾಯೊಳಗೆ ಹಳದಿ ಪೊರೆ ಕಟ್ಟಿ ಉಸಿರು ಕಟ್ಟಿದ್ರೆ ಮಾತ್ರ ಡಾಕ್ಟ್ರ ಹತ್ರ ಹೋಗಿ. ಇದಕ್ಕೂ ಲಸಿಕೆ ಇದೆ, ರೆಕ್ಕೆ ಪೊರೆಗೆ ಚುಚ್ಚೋದು.

ಮೊಟ್ಟೆ ಸಿಕ್ಕಿಹಾಕ್ಕೊಂಡಾಗ

ಕೆಂಪಿ ಅಂತ ಒಂದು ಹ್ಯಾಟೆ, ಮೊದಲನೇ ಮೊಟ್ಟೆ ಇಡೋ ವಯಸ್ಸು. ಬೆಳಿಗ್ಗೆಯಿಂದ ಗೂಡಿಗೆ ಹೋಗೋದು ಬರೋದು, ಬಾಲ ಕೆಳಗೆ ಬಿಟ್ಕೊಂಡು ಎದೆ ಎತ್ಕೊಂಡು ನೆಟ್ಟಗೆ ನಿಲ್ಲೋದು, ಹಿಂಭಾಗ ಮುಕ್ಕಿ ಮುಕ್ಕಿ ಏನೂ ಬರ್ತಿಲ್ಲ. ಹೊಟ್ಟೆ ಕೆಳಗೆ ಮುಟ್ಟಿದ್ರೆ ಗಟ್ಟಿ ಗುಂಡಗೆ ಸಿಕ್ತು. ಇದು ಒಂದು ದಿನಕ್ಕಿಂತ ಜಾಸ್ತಿ ಬಿಟ್ರೆ ಕೋಳಿ ಉಳಿಯೋದು ಕಷ್ಟ, ಆದ್ರೆ ಬೇಗ ಗೊತ್ತಾದ್ರೆ ಮನೇಲೇ ಸರಿ ಮಾಡೋಕಾಗೋ ತೊಂದರೆ ಇದು.

ಬಕೆಟ್‌ಗೆ ಕೈ ಇಟ್ರೆ ಹಿತವಾಗಿರೋ ಬಿಸಿನೀರು, ಕೋಳಿ ಹೊಟ್ಟೆ ಮುಳುಗೋ ಅಷ್ಟು. ಒಂದು ಹಿಡಿ ಎಪ್ಸಮ್ ಸಾಲ್ಟ್ ಇದ್ರೆ ಹಾಕಿ, ಇಲ್ಲದಿದ್ರೂ ನಡೆಯತ್ತೆ. ಕೋಳಿನ ಅದರಲ್ಲಿ 15ರಿಂದ 20 ನಿಮಿಷ ಕೂರಿಸಿ, ಕೈ ಬಿಡಬೇಡಿ, ಮೊದಲು ಒದ್ದಾಡತ್ತೆ, ಬೆಚ್ಚಗಾದ ಮೇಲೆ ಸುಮ್ಮನೆ ಕಣ್ಣು ಮುಚ್ಚತ್ತೆ. ತೆಗೆದು ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ ಮೊಟ್ಟೆ ಬರೋ ಜಾಗಕ್ಕೆ ಬೆರಳಲ್ಲಿ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗಿನ ಕತ್ತಲೆ ಡಬ್ಬದಲ್ಲಿ ಬಿಡಿ. ಕೋಳಿಗೆ ಅಂತಲೇ ಸಿಗೋ ಕ್ಯಾಲ್ಸಿಯಂ ಸಿರಪ್ ಇದ್ರೆ ಅದರ ಮೇಲಿರೋ ಅಳತೆಲಿ ಹನಿ ಹನಿ ಕುಡಿಸಿ, ಮೊಟ್ಟೆ ತಳ್ಳೋ ಸ್ನಾಯುಗೆ ಕ್ಯಾಲ್ಸಿಯಂ ಬೇಕು. ಒಂದೆರಡು ಗಂಟೆ ಕಾದು ಇನ್ನೊಂದು ಸಲ ಕೂರಿಸಿ. ಕೆಂಪಿಗೆ ಮೂರನೇ ಸಲ ಕೂರಿಸಿದ ಮೇಲೆ ರಾತ್ರಿ ಒಂಬತ್ತಕ್ಕೆ ಮೊಟ್ಟೆ ಬಂತು, ಮೇಲೆ ಸ್ವಲ್ಪ ರಕ್ತದ ಗೆರೆ ಇತ್ತು, ಬೆಳಿಗ್ಗೆ ಎದ್ದು ಮೇವು ಕೇಳ್ತು.

ಹೊಟ್ಟೆ ಒತ್ತಿ ಮೊಟ್ಟೆ ಈಚೆ ತಳ್ಳೋಕೆ ಹೋಗಬೇಡಿ, ಒಳಗೆ ಒಡೆದ್ರೆ ಚಿಪ್ಪು ಕುಯ್ದು ಕೀವಾಗತ್ತೆ. 24 ಗಂಟೆ ಆದ್ರೂ ಬರ್ಲಿಲ್ಲ ಅಂದ್ರೆ ಆಸ್ಪತ್ರೆ. ಮುಂದಕ್ಕೆ ಬರದ ಹಾಗೆ ಮೊಟ್ಟೆ ಚಿಪ್ಪು ಒಲೆ ಮೇಲೆ ಹುರಿದು ಪುಡಿ ಮಾಡಿ, ಇಲ್ಲಾ ಕಪ್ಪೆಚಿಪ್ಪು ಪುಡಿ, ಬೇರೆ ತಟ್ಟೇಲಿ ಇಡಿ, ಬೇಕಾದಷ್ಟು ಅವೇ ತಿಂತವೆ.

ಎದೆ ಮೇಲಿನ ಚೀಲ ಬೆಳಿಗ್ಗೆನೂ ಗಟ್ಟಿಯಾಗಿದ್ರೆ ನಾರು, ಹುಲ್ಲು, ದಾರ ಸಿಕ್ಕಿರತ್ತೆ. ಮೇವು ನಿಲ್ಲಿಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಮೂರು ನಾಲ್ಕು ಹನಿ, ಬೆಚ್ಚಗಿನ ನೀರು ಕೊಟ್ಟು ಮೇಲಿಂದ ಕೆಳಕ್ಕೆ ಮೆಲ್ಲಗೆ ಐದು ನಿಮಿಷ ನೀವಿ, ದಿನಕ್ಕೆ ಮೂರು ನಾಲ್ಕು ಸಲ. ತಲೆಕೆಳಗೆ ಹಿಡಿದು ಕಕ್ಕಿಸಬೇಡಿ, ಉಸಿರಿನ ಕೊಳವೆಗೆ ಹೋಗತ್ತೆ. ಎರಡು ದಿನದಲ್ಲಿ ಕರಗದಿದ್ರೆ ಡಾಕ್ಟ್ರು ಕುಯ್ದು ತೆಗೀಬೇಕಾಗತ್ತೆ.

ಗಾಯ, ಹುಳ, ಹೇನು

ಮುಂಗುಸಿನೋ ಬೆಕ್ಕೋ ಕಚ್ಚಿದ ಗಾಯನ ಅದೇ ಉಪ್ಪು ನೀರಲ್ಲಿ ತೊಳೆದು, ಸುತ್ತ ಗರಿ ಕತ್ತರಿಸಿ, ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಿ. ಗಾಯ ಮಾಯೋವರೆಗೂ ಬೇರೆ ಇಡಲೇಬೇಕು, ಕೆಂಪು ಕಂಡ್ರೆ ಬೇರೆ ಕೋಳಿ ಕುಕ್ಕಿ ತಿಂದೇಬಿಡ್ತವೆ. ನೊಣ ಕೂತು ಹುಳ ಬಿದ್ರೆ ಕರ್ಪೂರ ಪುಡಿ ಮಾಡಿ ಕೊಬ್ಬರಿ ಎಣ್ಣೇಲಿ ಕರಗಿಸಿ ಗಾಯಕ್ಕೆ ಬಿಡಿ, ಹುಳ ಮೇಲೆ ಬರತ್ತೆ, ಚಿಮ್ಮಟದಲ್ಲಿ ಒಂದೊಂದೇ ತೆಗೆದು ತೊಳೆದು ಮತ್ತೆ ಅರಿಶಿನ ಎಣ್ಣೆ. ಒಂದು ದಿನಕ್ಕೆ ಮುಗಿಯಲ್ಲ, ಮೂರು ನಾಲ್ಕು ದಿನ ಬಿಡದೆ ನೋಡಿ. ಕರ್ಪೂರ ಅದರ ಬಾಯಿಗೆ ಹೋಗಬಾರದು.

ಅಂಗಾಲಲ್ಲಿ ಕರೀ ಹೊಪ್ಪಳೆ, ಊತ ಇದ್ದು ಕುಂಟ್ತಿದ್ರೆ ದಿನಾ ಬೆಚ್ಚಗಿನ ಉಪ್ಪು ನೀರಲ್ಲಿ 15 ನಿಮಿಷ ಕಾಲಿಡಿಸಿ, ಬೇವಿನೆಣ್ಣೆ ಅರಿಶಿನ ಇಟ್ಟು ಬಟ್ಟೆ ಕಟ್ಟಿ. ಬ್ಲೇಡಲ್ಲಿ ಕುಯ್ಯೋದು ಬೇಡ. ಕೋಳಿ ಎತ್ತರದಿಂದ ಗಟ್ಟಿ ನೆಲಕ್ಕೆ ಹಾರ್ತಿದ್ರೆ ಕೂರೋ ಕೋಲನ್ನ ತಗ್ಗಿಸಿ.

ಹೇನಿಗೆ ಬೂದಿ ಸ್ನಾನದಷ್ಟು ಒಳ್ಳೇದು ಇನ್ನೊಂದಿಲ್ಲ. ಅಗಲವಾದ ಬಾಂಡ್ಲಿಗೆ ತಣ್ಣಗಾದ ಒಲೆ ಬೂದಿ, ಒಣ ಮಣ್ಣು, ಮೇಲೆ ಒಣಗಿದ ಬೇವಿನೆಲೆ ಪುಡಿ ಹಾಕಿಟ್ರೆ ಅವೇ ಹೊರಳಾಡ್ತವೆ. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡ. ಜಾಸ್ತಿ ಇದ್ರೆ ಬೇವಿನೆಣ್ಣೆ ಕೊಬ್ಬರಿ ಎಣ್ಣೆ ಬೆರೆಸಿ ರೆಕ್ಕೆ ಕೆಳಗೆ, ಹಿಂಭಾಗದಲ್ಲಿ ಗರಿ ಬುಡಕ್ಕೆ ಸವರಿ. ಒಂದು ವಾರ ಹತ್ತು ದಿನ ಬಿಟ್ಟು ಇನ್ನೊಂದು ಸಲ ಮಾಡಲೇಬೇಕು, ಮೊಟ್ಟೆಯಿಂದ ಹೊಸ ಹೇನು ಬಂದಿರತ್ತೆ. ಸೀತಾಫಲದ ಬೀಜದ ಪುಡಿ ಕೆಲಸ ಮಾಡತ್ತೆ, ಆದ್ರೆ ಕಣ್ಣಿಗೆ ಬಿದ್ರೆ ಕೋಳಿಗೂ ನಮಗೂ ಕಣ್ಣಿಗೆ ಅಪಾಯ, ನಾನಂತೂ ಬಿಟ್ಟಿದ್ದೀನಿ. ರಾತ್ರಿ ಟಾರ್ಚ್ ಹಾಕಿ ಕೂರೋ ಕೋಲಿನ ಸಂದು ನೋಡಿ, ಕೆಂಪು ಉಣ್ಣೆ ಹಗಲು ಅಲ್ಲಿ ಅಡಗಿದ್ದು ರಾತ್ರಿ ರಕ್ತ ಕುಡಿಯತ್ತೆ, ಆ ಸಂದಿಗೆ ಕುದಿಯೋ ನೀರು ಹುಯ್ದು ಒಣಗಿಸಿ ಸುಣ್ಣ ಬಳೀರಿ. ಕಾಲಿನ ಚಿಪ್ಪು ಎದ್ದು ಬಿಳಿ ಹುರುಪು ಕಟ್ಟಿದ್ರೆ ಸೋಪ್ ನೀರಲ್ಲಿ ತೊಳೆದು ಹೊಂಗೆ ಎಣ್ಣೆ ದಪ್ಪಕ್ಕೆ ಹಚ್ಚಿ, ದಿನ ಬಿಟ್ಟು ದಿನ, ಮೂರು ವಾರ.

ಜಂತುಹುಳಕ್ಕೆ ಪರಂಗಿ ಬೀಜ, ಬೆಳ್ಳುಳ್ಳಿ ಕೊಡ್ತಾರೆ, ಕೊಟ್ರೆ ತೊಂದರೆ ಇಲ್ಲ, ಆದ್ರೆ ಅದನ್ನೇ ನೆಚ್ಕೋಬೇಡಿ. ಎರಡು ಮೂರು ತಿಂಗಳಿಗೊಂದು ಸಲ ಪಶು ಆಸ್ಪತ್ರೆ ಜಂತು ಔಷಧಿ ಹಾಕೋದೇ ವಾಸಿ. ಯಾವ ಔಷಧಿ ಕೊಟ್ರೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿ.

ದಯವಿಟ್ಟು ಇವು ಬೇಡ

ಬ್ರಾಂದಿ, ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು. ಎರಡು ಕೆಜಿ ಇಲ್ಲದ ಜೀವಕ್ಕೆ ಇವು ವಿಷ. ನಾಲಿಗೆ ತುದಿ ಗಟ್ಟಿಯಾಗಿದೆ ಅಂತ ಕೆಲವರು ಉಗುರಲ್ಲಿ ಕೀಳ್ತಾರೆ, ಅದು ಬಾಯಿಂದ ಉಸಿರಾಡಿ ಒಣಗಿರೋದು, ಕಿತ್ರೆ ಕೋಳಿ ಮೇವೇ ತಿನ್ನಲ್ಲ. ಬಾಲದ ಬುಡದಲ್ಲಿ ಮೊಡವೆ ಥರ ಒಂದು ಗಂಟು ಇರತ್ತೆ, ಅದು ಕೋಳಿ ತನ್ನ ಗರಿಗೆ ಹಚ್ಕೊಳ್ಳೋ ಎಣ್ಣೆ ಚೀಲ, ಎಲ್ಲಾ ಕೋಳಿಗೂ ಇರತ್ತೆ, ಕುರು ಅಂದ್ಕೊಂಡು ಚುಚ್ಚಬೇಡಿ.

ಹುಷಾರಿಲ್ಲದ ಕೋಳಿ ಕೆಲಸನ ದಿನಾ ಕೊನೇಲಿ ಮಾಡಿ, ಮೊದಲು ಚೆನ್ನಾಗಿರೋವಕ್ಕೆ ಮೇವು ನೀರು, ಆಮೇಲೆ ಇದಕ್ಕೆ, ಆಮೇಲೆ ಸೋಪ್ ಹಾಕಿ ಕೈ ತೊಳೆದು ಚಪ್ಪಲಿನೂ ತೊಳೀರಿ. ಮಕ್ಕಳು ಎತ್ತಿ ಮುದ್ದು ಮಾಡದ ಹಾಗೆ ನೋಡ್ಕೊಳ್ಳಿ.

ವಾಪಸ್ ಬಿಡೋದು

ತಾನಾಗೇ ತಿಂದು ಕುಡಿದು, ಹಿಕ್ಕೆ ಸರಿಯಾಗಿ, ತೂಕ ಏರೋಕೆ ಶುರು ಆದ ಮೇಲೆ, ಅಂಟುರೋಗದ ಅನುಮಾನ ಇದ್ರೆ ಇನ್ನೂ 10ರಿಂದ 14 ದಿನ ಬೇರೆಯಾಗೇ ಇಡಿ. ನೆಗಡಿ ಥರದ ಕೆಲವು ರೋಗದಲ್ಲಿ ಕೋಳಿ ಚೆನ್ನಾದ ಮೇಲೂ ರೋಗಾಣು ಹೊತ್ಕೊಂಡೇ ಇರತ್ತೆ, ಡಾಕ್ಟ್ರನ್ನ ಒಂದು ಮಾತು ಕೇಳಿ. ಬಲ್ಬ್ ಶಾಖ ಒಂದೇ ಸಲ ತೆಗೀಬೇಡಿ, ಎರಡು ಮೂರು ದಿನದಲ್ಲಿ ಕಮ್ಮಿ ಮಾಡ್ತಾ ಬನ್ನಿ. ಆಮೇಲೆ ಎರಡು ದಿನ ಮಂಕರಿ ಕವುಚಿ ಗುಂಪಿನ ಮಧ್ಯೆನೇ ಇಡಿ, ಒಂದಕ್ಕೊಂದು ನೋಡ್ಕೊಂಡು ಹೊಂದ್ಕೊಳ್ತವೆ, ಇಷ್ಟು ದಿನ ದೂರ ಇದ್ದಿದ್ದನ್ನ ಹೊಸ ಕೋಳಿ ಅಂದ್ಕೊಂಡು ಮೇಲೆ ಬೀಳ್ತವೆ ಇಲ್ಲಾಂದ್ರೆ. ಮೂರನೇ ದಿನ ರಾತ್ರಿ ಎಲ್ಲಾ ಗೂಡು ಸೇರಿ ಕತ್ತಲಾದ ಮೇಲೆ ಇದನ್ನೂ ಎತ್ಕೊಂಡೋಗಿ ಕೋಲಿನ ಮೇಲೆ ಬೇರೆಯವುಗಳ ಪಕ್ಕ ಕೂರಿಸಿ. ಬೆಳಿಗ್ಗೆ ನೀವೇ ಹೋಗಿ ಬಾಗಿಲು ತೆಗೀರಿ, ಮೇವನ್ನ ಎರಡು ಮೂರು ಕಡೆ ಚೆಲ್ಲಿ, ಅದು ತಿಂತಿದ್ಯಾ ಅಂತ ಅರ್ಧ ಗಂಟೆ ಅಲ್ಲೇ ಕೂತ್ಕೊಂಡು ನೋಡಿ. ಮೊಟ್ಟೆಗೆ ಮೂರು ನಾಲ್ಕು ವಾರ ಕಾಯ್ಬೇಕಾಗಬಹುದು.